ಉಳಿದ ವೈನ್

ಚಿಕ್ಕಮಗಳೂರಿನ ನಮ್ಮ ಮನೆಗೆ ಬಂದ ನೆಂಟರು ಹೊರಟ ಮೇಲೆ ಬಾಟಲಿಯಲ್ಲಿ ಉಳಿಯುವ ಕೆಂಪು ವೈನನ್ನು ಚೆಲ್ಲಲು ನನಗೆ ಮನಸ್ಸು ಬರುವುದಿಲ್ಲ. ದ್ರಾಕ್ಷಿ ಬೆಳೆದವರ ದುಡಿಮೆ ಅದರಲ್ಲಿದೆ. ಮಲೆನಾಡಿನ ತಂಪಿಗೆ ಹೊರಗಿಟ್ಟರೂ ನಡೆಯುತ್ತದೆ ಎಂದು ಹಲವರು ನಂಬುತ್ತಾರೆ. ಆದರೆ ಅರ್ಧ ಖಾಲಿಯಾದ ಬಾಟಲಿಯೊಳಗಿನ ಗಾಳಿಯು ಮೊದಲು ಹಣ್ಣಿನ ಪರಿಮಳವನ್ನು ಕಳೆಯುತ್ತದೆ, ಆ ಬಳಿಕ ಬ್ಯಾಕ್ಟೀರಿಯಾಗಳು ಅದೇ ಗಾಳಿಯ ಆಮ್ಲಜನಕವನ್ನು ಬಳಸಿ ಆಲ್ಕೋಹಾಲನ್ನು ವಿನೆಗರಿನ ಹುಳಿಯಾದ ಅಸಿಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಆದ್ದರಿಂದ ಉಳಿದದ್ದನ್ನು ಆ ರಾತ್ರಿಯೇ ಚಿಕ್ಕ ಬಾಟಲಿಗೆ ಕತ್ತಿನವರೆಗೂ ತುಂಬಿ, ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ 3ರಿಂದ 5 ದಿನ ಕುಡಿಯಲು ಯೋಗ್ಯವಾಗಿರುತ್ತದೆ.

ಅಡುಗೆಗಾದರೆ ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿಡುವುದೇ ನನಗೆ ಮೆಚ್ಚು. ಆಲ್ಕೋಹಾಲ್ ಇರುವ ಕಾರಣ ಆ ತುಂಡುಗಳು ನೀರಿನ ಐಸಿನಷ್ಟು ಗಟ್ಟಿಯಾಗದೆ, ಮುಟ್ಟಿದರೆ ಮೆತ್ತಗಾಗಿ ಬೆರಳಿಗೆ ನೇರಳೆ ಬಣ್ಣ ಹತ್ತಿಸುತ್ತವೆ. ಮಾಂಸದ ಮಸಾಲೆ ಹುರಿದು ತಳ ಹಿಡಿಯುವ ಹೊತ್ತಿಗೆ ಒಂದೆರಡು ತುಂಡು ಹಾಕಿದರೆ, ತಳಕ್ಕೆ ಹತ್ತಿದ್ದೆಲ್ಲ ಬಿಟ್ಟುಕೊಂಡು ಸಾರಿಗೆ ಹದವಾದ ಹುಳಿಯೂ ಬಣ್ಣವೂ ಕೂಡಿಕೊಳ್ಳುತ್ತವೆ. ಆ ದಿನ ನಿಂಬೆರಸವನ್ನು ಕಡಿಮೆ ಮಾಡಬೇಕು. ಕುದಿಸಿದರೂ ಆಲ್ಕೋಹಾಲ್ ಪೂರ್ತಿಯಾಗಿ ಹೋಗುವುದಿಲ್ಲವಾದ್ದರಿಂದ ಮಕ್ಕಳಿಗೆ ಬಡಿಸುವ ಅಡುಗೆಗೆ ಮಾತ್ರ ನಾನು ಇದನ್ನು ಬಳಸುವುದಿಲ್ಲ.