ತಂತಿಯಲ್ಲಿ ಹೋದ ಆದೇಶಗಳು

ಒಟ್ಟೊಮನ್ ಸಾಮ್ರಾಜ್ಯದ ಒಳಾಡಳಿತ ಸಚಿವನಾಗಿದ್ದ ತಲಾತ್ ಪಾಷಾನ ಬಗ್ಗೆ ಓದುವಾಗಲೆಲ್ಲ ನನ್ನನ್ನು ಕಾಡುವುದು ಅವನ ಕ್ರೌರ್ಯಕ್ಕಿಂತ ಹೆಚ್ಚಾಗಿ ಅವನ ಕಾರ್ಯದಕ್ಷತೆ. ಅಂಚೆ ಮತ್ತು ತಂತಿ ಇಲಾಖೆಯ ನೌಕರನಾಗಿ ವೃತ್ತಿ ಆರಂಭಿಸಿದ್ದ ಆತ, ಸಚಿವನಾದ ಮೇಲೂ ಮನೆಯಲ್ಲೇ ತಂತಿ ಯಂತ್ರವೊಂದನ್ನು ಇರಿಸಿಕೊಂಡು, ದೂರದ ಪ್ರಾಂತ್ಯಗಳ ಅಧಿಕಾರಿಗಳೊಂದಿಗೆ ನೇರವಾಗಿ ವ್ಯವಹರಿಸುತ್ತಿದ್ದ.

ಸಾಮ್ರಾಜ್ಯ ಉಳಿಯಬೇಕಾದರೆ ಅನತೋಲಿಯಾ (ಇಂದಿನ ಟರ್ಕಿಯ ಬಹುಭಾಗ) ತುರ್ಕರದ್ದಾಗಬೇಕು, ಅಲ್ಲಿನ ಅಲ್ಪಸಂಖ್ಯಾತ ಕ್ರೈಸ್ತರಾದ ಅರ್ಮೇನಿಯನ್ನರು ಒಳಗಿನ ಶತ್ರುಗಳು ಎಂಬ ನಂಬಿಕೆ ಅವನ ಪಕ್ಷದ ಹಲವರಲ್ಲಿತ್ತು; ಆದರೆ ಆ ನಂಬಿಕೆಯನ್ನು ಜಿಲ್ಲೆ ಜಿಲ್ಲೆಗೂ ತಲುಪುವ ಆಜ್ಞೆಯಾಗಿಸುವ ಅಧಿಕಾರವಿದ್ದದ್ದು ಅವನ ಸಚಿವಾಲಯಕ್ಕೆ. 1915ರ ಏಪ್ರಿಲ್ 24ರಂದು ರಾಜಧಾನಿಯಲ್ಲಿ ಅರ್ಮೇನಿಯನ್ ಲೇಖಕರು, ವೈದ್ಯರು ಮತ್ತು ಮುಖಂಡರ ಬಂಧನ ಶುರುವಾಯಿತು. ಮೇ ತಿಂಗಳ ಕೊನೆಗೆ ಗಡೀಪಾರಿಗೆ ಕಾನೂನಿನ ಮುದ್ರೆಯೂ ಬಿತ್ತು. ಹೆಂಗಸರು, ಮಕ್ಕಳು, ವೃದ್ಧರು ಸಿರಿಯಾದ ಮರುಭೂಮಿಯತ್ತ ನಡೆದರು. ಹತ್ಯೆ, ಹಸಿವು, ರೋಗಗಳಿಗೆ ಬಲಿಯಾದವರು ಸುಮಾರು 10 ಲಕ್ಷ, ಬಹುಶಃ ಇನ್ನೂ ಹೆಚ್ಚು. ಕಾಗದದಲ್ಲಿ ಮಾತ್ರ ಅದು ‘ಸ್ಥಳಾಂತರ’.

‘ಮೇಲಿನವರ ಆದೇಶ, ನಾವೇನು ಮಾಡಲು ಸಾಧ್ಯವಿತ್ತು’ ಎಂಬ ಸಮರ್ಥನೆಯನ್ನು ನಾನು ಪೂರ್ತಿ ಒಪ್ಪಲಾರೆ. ಅಲೆಪ್ಪೊದಲ್ಲಿ ರಾಜ್ಯಪಾಲನಾಗಿದ್ದ ಜೆಲಾಲ್ ಬೇ ಗಡೀಪಾರಿನ ಆದೇಶವನ್ನು ವಿರೋಧಿಸಿದ. ಅವನನ್ನು ಅನತೋಲಿಯಾದ ಕೋನ್ಯಾಕ್ಕೆ ವರ್ಗಾಯಿಸಲಾಯಿತು. ಅಲ್ಲಿಯೂ ಆತ ಕೈಲಾದಷ್ಟು ತಡೆದ, ಕೊನೆಗೆ ಆ ಹುದ್ದೆಯಿಂದಲೂ ತೆಗೆದುಹಾಕಲ್ಪಟ್ಟ. ಆದೇಶ ಪಾಲಿಸಲು ಸಿದ್ಧರಿದ್ದವರ ಕೊರತೆ ತಲಾತ್‌ಗೆ ಎಂದೂ ಎದುರಾಗಲಿಲ್ಲ.