ಸುಂಗ್ ಸೊಟ್ ಗುಹೆಯ ಎರಡನೆಯ ಜೆಟ್ಟಿ

ನಮ್ಮ ಕಚೇರಿಯ ಬ್ರೋಷರಿನಲ್ಲಿ ವಿಯೆಟ್ನಾಂ ಪ್ಯಾಕೇಜಿನ ನಾಲ್ಕನೆಯ ದಿನದ ಎದುರು ‘ಹಾ ಲಾಂಗ್ ಕೊಲ್ಲಿಯಲ್ಲಿ ಪೂರ್ಣ ದಿನದ ಕ್ರೂಸ್’ ಎಂದು ಅಚ್ಚಾಗಿದೆ. ಗುಹೆ, ಕಯಾಕ್, ಟಿ ಟೊಪ್ ದ್ವೀಪದ ತುದಿ, ಡೆಕ್ಕಿನ ಮೇಲೆ ಸೂರ್ಯಾಸ್ತದ ಚಹಾ, ಇವೆಲ್ಲ ಆ ಒಂದೇ ಶೀರ್ಷಿಕೆಯ ಕೆಳಗೆ ಸಾಲಾಗಿ ಬಂದಿವೆ. ಹನೋಯ್‌ನಿಂದ ಬಂದರಿಗೆ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಹೆಚ್ಚುಕಡಿಮೆ ಎರಡೂವರೆ ಗಂಟೆ ಬೇಕು, ಮರಳಿ ಬರಲು ಮತ್ತೆ ಅಷ್ಟೇ ಬೇಕು. ನಡುವೆ ಡಿಎಂಸಿಯವರು (ಅಲ್ಲಿನ ವ್ಯವಸ್ಥೆಯನ್ನು ನಮ್ಮ ಪರವಾಗಿ ನೋಡಿಕೊಳ್ಳುವ ಸ್ಥಳೀಯ ಏಜೆನ್ಸಿ) ಕಮಿಷನ್ನಿಗಾಗಿ ತಪ್ಪದೆ ನಿಲ್ಲಿಸುವ ಮುತ್ತಿನ ಅಂಗಡಿಯೊಂದಿದೆ. ಇಷ್ಟನ್ನು ಕಳೆದರೆ ನೀರಿನ ಮೇಲೆ ಉಳಿಯುವುದು ಐದು ಗಂಟೆ, ಅದರಲ್ಲಿಯೂ ಒಂದು ಗಂಟೆ ಊಟಕ್ಕೆ. ಚಳಿಗಾಲದಲ್ಲಿ ಆ ಕೊಲ್ಲಿಯ ಮೇಲೆ ಮಂಜು ಕವಿದಿರುವುದರಿಂದ ಸೂರ್ಯಾಸ್ತವೆಂಬುದು ಬಹುಮಟ್ಟಿಗೆ ಬ್ರೋಷರಿನಲ್ಲಿಯೇ ಮುಗಿದುಹೋಗುತ್ತದೆ. ಕಾಸರಗೋಡಿನ ಹೊಸ ಬಸ್‌ಸ್ಟ್ಯಾಂಡಿನ ಬಳಿ ಮಹಡಿಯ ಮೇಲೆ ಕುಳಿತು ಇದನ್ನು ಬರೆಯುವ ಸೇಲ್ಸ್ ಡೆಸ್ಕಿನವರಿಗೆ ಈ ಲೆಕ್ಕವನ್ನು ಹೇಳಿದರೆ, “ಗೆಸ್ಟುಗಳು ಗಂಟೆ ಎಣಿಸುವುದಿಲ್ಲ” ಎಂಬ ಉತ್ತರ ಸಿದ್ಧವಾಗಿರುತ್ತದೆ. ಗೆಸ್ಟುಗಳು ಎಣಿಸದಿದ್ದರೂ ಟೂರ್ ಮ್ಯಾನೇಜರನಾದ ನಾನು ಎಣಿಸಬೇಕಾಗುತ್ತದೆ ಎಂಬುದು ಅವರ ಮೇಜಿನವರೆಗೆ ಇನ್ನೂ ತಲುಪಿಲ್ಲ.

ಈ ಅನುಭವ ಇಪ್ಪತ್ತೆರಡು ಪ್ಯಾಕ್ಸ್‌ನ, ಎಂದರೆ ಪ್ರವಾಸಿಗರ, ಒಂದು ತಂಡದ್ದು. ಬದಿಯಡ್ಕ, ನೀರ್ಚಾಲು, ಮುಳ್ಳೇರಿಯ ಕಡೆಯವರೇ ಹೆಚ್ಚು; ಅರ್ಧದಷ್ಟು ಮಂದಿ ನಿವೃತ್ತ ಅಧ್ಯಾಪಕರು. ಅವರಲ್ಲಿ ಒಬ್ಬ ದಂಪತಿ ಇಡೀ ತಂಡಕ್ಕೆ ಟೀಚರ್ ಮತ್ತು ಮಾಷ್ಟ್ರು ಎಂದೇ ಪರಿಚಿತರು. ಮಾಷ್ಟ್ರು ಅಧ್ಯಾಪಕ ಸಂಘಟನೆಯ ಹಳೆಯ ಆಳು, ಹೋ ಚಿ ಮಿನ್ ಅವರ ನಾಡನ್ನು ನೋಡಬೇಕೆಂದೇ ಹಣ ಕಟ್ಟಿದವರು. ಸೋವಿಯೆತ್ ಗಗನಯಾನಿ ಗೆರ್ಮಾನ್ ಟಿಟೊವ್ 1962ರಲ್ಲಿ ಹೋ ಚಿ ಮಿನ್ ಅವರೊಂದಿಗೆ ಆ ಕೊಲ್ಲಿಗೆ ಬಂದುದರಿಂದ ಟಿ ಟೊಪ್ ದ್ವೀಪಕ್ಕೆ ಅವನ ಹೆಸರೇ ಬಂದಿತೆಂಬುದನ್ನು ಅವರು ಬಸ್ಸು ಹನೋಯ್ ದಾಟುವ ಮೊದಲೇ ಎಲ್ಲರಿಗೂ ತಿಳಿಸಿದ್ದರು. ಗಗಾರಿನ್ ನಂತರ ಭೂಮಿಯನ್ನು ಸುತ್ತಿದ ಎರಡನೆಯ ಮನುಷ್ಯ ಅವನೇ ಎಂಬುದನ್ನೂ, ದ್ವೀಪದ ತುದಿಗೆ ನಾನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ ಎಂಬುದನ್ನೂ, ತಾವು ಅಷ್ಟನ್ನೂ ಹತ್ತುವವರೇ ಎಂಬುದನ್ನೂ ಸೇರಿಸಿದ್ದರು. ಟೀಚರ್ ಭೂಗೋಳ ಕಲಿಸಿದವರು. ಎರಡೂ ಮಂಡಿಗಳ ಶಸ್ತ್ರಚಿಕಿತ್ಸೆ ಆಗಿದ್ದುದರಿಂದ ಮೆಟ್ಟಿಲಿನ ವಿಚಾರದಲ್ಲಿ ಅವರಿಗೆ ಯಾವ ಭ್ರಮೆಯೂ ಇರಲಿಲ್ಲ.

ಮುತ್ತಿನ ಅಂಗಡಿಯಲ್ಲಿ ಇಪ್ಪತ್ತು ನಿಮಿಷವೆಂದಿದ್ದದ್ದು ಮುಕ್ಕಾಲು ಗಂಟೆಯಾಯಿತು. ತುವಾನ್ ಚೌ ಬಂದರಿನಲ್ಲಿ ಪಾಸ್‌ಪೋರ್ಟ್ ಸಂಖ್ಯೆಗಳಿದ್ದ ಪಟ್ಟಿಯನ್ನು ಒಪ್ಪಿಸಿ ದೋಣಿ ಹೊರಡುವಾಗ ಮಧ್ಯಾಹ್ನವಾಗಿತ್ತು. 2025ರ ಜುಲೈಯಲ್ಲಿ ಇದೇ ಕೊಲ್ಲಿಯಲ್ಲಿ ಹಠಾತ್ತಾಗಿ ಎದ್ದ ಬಿರುಗಾಳಿಗೆ ಪ್ರವಾಸಿ ದೋಣಿಯೊಂದು ಮಗುಚಿ ಮೂವತ್ತಕ್ಕೂ ಹೆಚ್ಚು ಮಂದಿ ಸತ್ತರು. ಆ ಮೇಲೆ ನಾನು ಕಂಡ ಕ್ಯಾಪ್ಟನ್‌ಗಳಲ್ಲಿ ಒಬ್ಬನೂ ತಲೆಯೆಣಿಕೆಯನ್ನಾಗಲಿ ಮರಳುವ ಹೊತ್ತನ್ನಾಗಲಿ ಸಡಿಲ ಬಿಟ್ಟದ್ದಿಲ್ಲ. ಊಟದ ವಿಚಾರವನ್ನು ಬೇಗ ಮುಗಿಸುತ್ತೇನೆ: ಈರುಳ್ಳಿ, ಬೆಳ್ಳುಳ್ಳಿ, ಮೀನಿನ ಸಾಸ್ ಯಾವುದೂ ಇಲ್ಲದ ಆರು ಊಟಗಳೆಂದು ವೋಚರಿನಲ್ಲಿ ಬರೆದಿತ್ತು, ಬಂದದ್ದು ಬೇಯಿಸಿದ ಎಲೆಕೋಸು ಮತ್ತು ಅನ್ನ, ನೀರ್ಚಾಲಿನವರ ಮಾವಿನ ಮಿಡಿ ಉಪ್ಪಿನಕಾಯಿ ಡಿಎಂಸಿಯ ಮಾನವನ್ನು ಉಳಿಸಿತು.

ಊಟದ ನಂತರ ಗೈಡ್ ಮೈಕ್ ಹಿಡಿದ. ಕೊಲ್ಲಿಯ ವಿಸ್ತಾರ 1,553 ಚದರ ಕಿಲೋಮೀಟರ್, ದ್ವೀಪಗಳು ಎರಡು ಸಾವಿರಕ್ಕೆ ತುಸು ಕಡಿಮೆ, ಯುನೆಸ್ಕೋ ಪಟ್ಟಿಗೆ ಸೇರಿದ್ದು 1994ರಲ್ಲಿ, ಭೂವೈಜ್ಞಾನಿಕ ಮಹತ್ವಕ್ಕಾಗಿ ಮತ್ತೊಮ್ಮೆ 2000ದಲ್ಲಿ, ಪಕ್ಕದ ಕಾಟ್ ಬಾ ದ್ವೀಪಸಮೂಹವನ್ನು ಜೋಡಿಸಿದ್ದು 2023ರಲ್ಲಿ. ಜನರು ಎರಡು ಲಕ್ಷ ಡಾಂಗ್ ನೋಟನ್ನು ಎತ್ತಿ ಹಿಡಿದು ಅದರ ಮೇಲಿರುವ ಬಂಡೆ ಇದೇ ಹೌದೋ ಅಲ್ಲವೋ ಎಂದು ಚರ್ಚಿಸುತ್ತಿದ್ದಾಗ ಟೀಚರ್ ಕಿಟಕಿಯ ಬಳಿ ಕುಳಿತು ನಾಲ್ಕೈದು ಮಂದಿಗೆ ಬೇರೆಯೇ ಪಾಠ ಮಾಡುತ್ತಿದ್ದರು. ಮಳೆಯ ನೀರು ಗಾಳಿಯ ಮತ್ತು ಮಣ್ಣಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ದುರ್ಬಲ ಆಮ್ಲವಾಗಿ ಸುಣ್ಣಕಲ್ಲನ್ನು ಕರಗಿಸುವುದು, ಹಾಗೆ ಕೊರೆದುಹೋದ ಬೆಟ್ಟಗಳ ನಡುವಿನ ಕಣಿವೆಗಳಿಗೆ ಹಿಮಯುಗದ ನಂತರ ಏರಿದ ಸಮುದ್ರ ನುಗ್ಗಿದ್ದು, ಆದ್ದರಿಂದ ನಾವು ದ್ವೀಪಗಳೆಂದು ಕರೆಯುವುದು ಮುಳುಗಿದ ಬೆಟ್ಟಗಳ ತಲೆಗಳನ್ನೇ ಎಂಬುದು. ನೀರಿನ ಮಟ್ಟಕ್ಕೆ ಸರಿಯಾಗಿ ಪ್ರತಿಯೊಂದು ಬಂಡೆಯ ಬುಡವನ್ನೂ ಯಾರೋ ಉಳಿಯಿಂದ ಒಳಕ್ಕೆ ಕೆತ್ತಿದಂತಿದ್ದ ಗೆರೆಯನ್ನು ಅವರು ಬೆರಳಿನಿಂದ ತೋರಿಸಿದರು. ಗೈಡ್ ಅದರ ಬಗ್ಗೆ ಏನೂ ಹೇಳಿರಲಿಲ್ಲ, ಅದುವರೆಗೆ ನಾನೂ ಅದನ್ನು ಗಮನಿಸಿ ನೋಡಿದವನಲ್ಲ. “ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ, ಈಗ ನೋಡಿದೆ” ಎಂದರು.

ಬೋ ಹೊನ್ ದ್ವೀಪದಲ್ಲಿರುವ ಸುಂಗ್ ಸೊಟ್ ಗುಹೆಯ ಬಾಯಿ ಸಮುದ್ರಮಟ್ಟದಿಂದ ಸಾಕಷ್ಟು ಮೇಲಿದೆ. ದೊಡ್ಡ ದೋಣಿಯಿಂದ ದಡಕ್ಕೆ ಜನರನ್ನು ಸಾಗಿಸುವ ಸಣ್ಣ ಟೆಂಡರ್ ದೋಣಿ ಜೆಟ್ಟಿಗೆ ತಾಗಿದ ಕೂಡಲೇ ಕಲ್ಲಿನ ಕಡಿದಾದ ಮೆಟ್ಟಿಲುಗಳು ಆರಂಭವಾಗುತ್ತವೆ. ನಮ್ಮ ಬ್ರೋಷರಿನಲ್ಲಿ ಇದಕ್ಕೆ ‘ಸುಲಭ ನಡಿಗೆ’ ಎಂಬ ಗುರುತಿದೆ. ಟೀಚರ್ ಮೇಲೆ ನೋಡಿ, ನಕ್ಕು, ಜೆಟ್ಟಿಯ ಬೆಂಚಿನ ಮೇಲೆ ಕುಳಿತರು. ನಾನು, “ಟೀಚರ್, ನೀವು ಇಲ್ಲಿಯೇ ಇರಿ, ನಾವು ಮುಕ್ಕಾಲು ಗಂಟೆಯಲ್ಲಿ ಇಲ್ಲಿಗೇ ಬರುತ್ತೇವೆ, ಯಾರು ಕರೆದರೂ ಎಲ್ಲಿಗೂ ಹೋಗಬೇಡಿ” ಎಂದೆ. ಮಾತು ಕನ್ನಡದಲ್ಲಿ ನಡೆಯಿತು. ಗೈಡ್ ಹತ್ತು ಅಡಿ ಆಚೆ ಟಿಕೆಟ್ ಹರಿಸುತ್ತಿದ್ದ. ಕಿವಿಗೆ ಬಿದ್ದಿದ್ದರೂ ಅವನಿಗೆ ತಿಳಿಯುವಂತಿರಲಿಲ್ಲ.

ಆ ಗುಹೆಯಲ್ಲಿ ನಡಿಗೆ ಏಕಮುಖ. ಒಂದು ಬದಿಯ ಜೆಟ್ಟಿಯಲ್ಲಿ ಇಳಿದು ಹತ್ತಬೇಕು, ಇನ್ನೊಂದು ಬದಿಯಲ್ಲಿ ಇಳಿದು ಬೇರೆಯೇ ಜೆಟ್ಟಿಯಿಂದ ದೋಣಿ ಏರಬೇಕು. ನಾವು ಒಳಗಿರುವಾಗ ಟೆಂಡರ್ ಸುತ್ತು ಹಾಕಿ ಅಲ್ಲಿಗೆ ಬಂದು ಕಾಯುತ್ತದೆ. ನಾನು ಈ ಗುಹೆಗೆ ಮೊದಲೂ ತಂಡಗಳನ್ನು ತಂದವನೇ. ಆದರೆ ಆಗೆಲ್ಲ ಎಲ್ಲರೂ ಹತ್ತಿದ್ದರು, ಎಲ್ಲರೂ ಇಳಿದಿದ್ದರು, ಇಳಿದ ಕಡೆ ನಮ್ಮ ದೋಣಿ ಇತ್ತು. ಅದು ಹತ್ತಿದ ಕಡೆಯೇ ಹೌದೋ ಎಂದು ನೋಡಬೇಕಾದ ಪ್ರಸಂಗವೇ ಬಂದಿರಲಿಲ್ಲ. ನಮ್ಮ ಊರಿನ ಗುಡ್ಡಗಳಲ್ಲಿ ನೀರಿಗಾಗಿ ಕೊರೆದ ಸುರಂಗಕ್ಕೆ ಹೊಕ್ಕವನು ಹೊಕ್ಕ ಬಾಯಿಯಿಂದಲೇ ಹೊರಗೆ ಬರುವಂತೆ ಇಲ್ಲಿಯೂ ಬರುತ್ತೇವೆಂಬ ಎಣಿಕೆ ನನ್ನ ತಲೆಯಲ್ಲಿ ಯಾರೂ ಕೇಳದೆಯೇ ಕುಳಿತಿತ್ತು.

ಗುಹೆಯ ಎರಡನೆಯ ಅಂಕಣ ಭವ್ಯವಾದುದು, ಆ ದಿನ ನಾನು ಅದನ್ನು ನೋಡಿದ ನೆನಪಿಲ್ಲ, ಗಡಿಯಾರವನ್ನು ನೋಡುತ್ತಿದ್ದೆ. ಹೊರಗೆ ಬಂದು ಮರಗಳ ನಡುವಿನ ಮೆಟ್ಟಿಲುಗಳನ್ನು ಇಳಿದಾಗ ಕೆಳಗೆ ಜೆಟ್ಟಿ ಕಂಡಿತು, ನಮ್ಮ ಟೆಂಡರ್ ಕಂಡಿತು, ಬೆಂಚು ಕಾಣಲಿಲ್ಲ. ಎಳನೀರು ಮಾರುತ್ತಿದ್ದವಳ ನೀಲಿ ಟಾರ್ಪಾಲೂ ಇರಲಿಲ್ಲ. ಇನ್ನಷ್ಟು ಕೆಳಗಿರಬೇಕೆಂದು ಇಳಿದೆ. ಅಷ್ಟರಲ್ಲಿ ಗೈಡ್ ಹತ್ತು ಹನ್ನೆರಡು ಮಂದಿಯನ್ನು ಹತ್ತಿಸಿ ಟೆಂಡರನ್ನು ದೊಡ್ಡ ದೋಣಿಯ ಕಡೆಗೆ ಕಳುಹಿಸಿಬಿಟ್ಟಿದ್ದ. ಟೀಚರ್ ಎಲ್ಲಿ ಎಂದು ನಾನು ಕೇಳಿದಾಗ ಅವನು, “ಅವರು ನಿಮ್ಮೊಂದಿಗೆ ಇಲ್ಲವೇ?” ಎಂದ.

ನಾನು ಮಾಷ್ಟ್ರ ಕಡೆಗೆ ತಿರುಗಿ, ಟೀಚರಿಗೆ ಒಂದು ಫೋನ್ ಮಾಡೋಣವೇ ಎಂದು ಆದಷ್ಟು ಸಹಜವಾಗಿ ಕೇಳಿದೆ. ಅವರು ಹೆಗಲ ಚೀಲದಿಂದ ಟೀಚರ ಫೋನನ್ನು ಹೊರತೆಗೆದು ನನ್ನ ಕೈಗೆ ಕೊಟ್ಟರು.

ಮುಂದಿನ ನಿಮಿಷಗಳನ್ನು ನಾನು ಹಲವು ಬಗೆಯಲ್ಲಿ ಹಾಳು ಮಾಡಿದೆ. ಮೊದಲು ಮೆಟ್ಟಿಲೇರಿ ಗುಹೆಯೊಳಗಿಂದಲೇ ಹಿಂದಕ್ಕೆ ಹೋಗುತ್ತೇನೆಂದು ಹೊರಟೆ. ಹೊರದಾರಿಯ ಕಾವಲುಗಾರ ಒಂದು ಕೈಯನ್ನು ಅಡ್ಡ ಚಾಚಿದ, ಮಾತಾಡಲಿಲ್ಲ. ಅವನ ಹಿಂದೆ ಮೂರು ದೋಣಿಗಳ ಜನ ಎದುರಿನಿಂದ ಇಳಿಯುತ್ತಿದ್ದುದನ್ನು ನೋಡಿದರೆ ಅವನು ಮಾತಾಡಬೇಕಾಗಿಯೂ ಇರಲಿಲ್ಲ. ಕೆಳಗೆ ಬಂದು ಗೈಡಿನ ಮೇಲೆ ಧ್ವನಿಯೇರಿಸಿದೆ. ಅವನು ಅದಕ್ಕೆ ಉತ್ತರಿಸದೆ ದೊಡ್ಡ ದೋಣಿಗೆ ಫೋನ್ ಮಾಡಿ ಟೆಂಡರನ್ನು ಕೂಡಲೇ ವಾಪಸು ಕಳುಹಿಸಲು ಹೇಳಿದ. ಅಲ್ಲಿ ನಡೆದ ಒಂದೇ ಉಪಯುಕ್ತ ಕೆಲಸ ಅದು. ಟೆಂಡರ್ ಬರುವವರೆಗೆ ನಾನು ನಿಂತು ಯೋಚಿಸಿದ್ದು ಆ ಒದ್ದೆ ಜೆಟ್ಟಿಯನ್ನು, ಹಗ್ಗ ಎಸೆಯುವ ಹುಡುಗರನ್ನು, ಎರಡು ಲೋಹದ ಮಂಡಿಗಳನ್ನು. ಮಾಷ್ಟ್ರು ನನ್ನ ಪಕ್ಕದಲ್ಲಿ ನಿಂತು ಒಂದು ಮಾತನ್ನೂ ಆಡಲಿಲ್ಲ. ಬೈದಿದ್ದರೆ ಅನುಕೂಲವಾಗುತ್ತಿತ್ತು.

ಟೆಂಡರ್ ಗುಡ್ಡದ ಮೂಲೆ ತಿರುಗಿ ಮೊದಲ ಜೆಟ್ಟಿಗೆ ಬಂದಾಗ ಬೆಂಚಿನ ಮೇಲೆ ಬೇರೆ ಯಾವುದೋ ದೇಶದ ನಾಲ್ವರು ಕುಳಿತಿದ್ದರು. ಎಳನೀರಿನವಳಿಗೆ ನಮ್ಮ ತಂಡದ ಹಳದಿ ಟೊಪ್ಪಿಯನ್ನು ತೋರಿಸಿದ ಮೇಲೆ ಅವಳು ಟಿಕೆಟ್ ಕಟ್ಟೆಯ ಹಿಂಬದಿಗೆ ಕೈ ಮಾಡಿದಳು. ಅಲ್ಲಿ ನೆರಳಿನಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತಿದ್ದ ಟೀಚರ್ ಮಾಷ್ಟ್ರನ್ನು ಕಂಡು ಏಳುವ ಅವಸರವನ್ನೂ ಮಾಡಲಿಲ್ಲ. ಕೋಝಿಕ್ಕೋಡಿನಿಂದ ಬಂದ ಬೇರೊಂದು ತಂಡದ ಅಜ್ಜಿಯೊಬ್ಬರೂ ಹತ್ತಲಾರದೆ ಅಲ್ಲಿಯೇ ಉಳಿದಿದ್ದರಂತೆ. ಇಬ್ಬರೂ ಮಲಯಾಳದಲ್ಲಿ ಸೊಸೆಯಂದಿರ ವಿಚಾರವನ್ನು ಮುಗಿಸಿ ಅಡಿಕೆಯ ಧಾರಣೆಗೆ ಬಂದಿದ್ದರಂತೆ. ಆ ತಂಡದ ಮ್ಯಾನೇಜರ್ ಟೆಂಡರಿನವನಿಗೆ ಮೊದಲೇ ಹೇಳಿಟ್ಟಿದ್ದರಿಂದ ಅವರ ದೋಣಿ ಇಲ್ಲಿಗೆ ಬಂದು ಅಜ್ಜಿಯನ್ನು ಹತ್ತಿಸಿಕೊಂಡು ಆಚೆ ಜೆಟ್ಟಿಗೆ ಹೋಗಿತ್ತು. ಟೀಚರನ್ನೂ ಕರೆದಿದ್ದರು.

“ನಾನು ಹೋಗಲಿಲ್ಲ. ಯಾರು ಕರೆದರೂ ಹೋಗಬೇಡಿ ಎಂದು ನೀವೇ ಹೇಳಿದ್ದೀರಲ್ಲ” ಎಂದರು ಟೀಚರ್. ಸ್ವಲ್ಪ ಹೊತ್ತಿನ ನಂತರ ಟೆಂಡರಿನಲ್ಲಿ ಲೈಫ್ ಜಾಕೆಟಿನ ಪಟ್ಟಿಯನ್ನು ಬಿಗಿಯುತ್ತ, “ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗ ನಾನು ಮೊದಲು ಹೊರಗೆ ಬರುವ ಬಾಗಿಲು ಎಲ್ಲಿದೆ ಎಂದು ನೋಡಿಕೊಳ್ಳುತ್ತಿದ್ದೆ” ಎಂದು ಯಾರಿಗೂ ಅಲ್ಲವೆಂಬಂತೆ ಹೇಳಿದರು. ಆ ಕೋಝಿಕ್ಕೋಡಿನ ಮ್ಯಾನೇಜರ್ ಯಾರೆಂದು ನಾನು ವಿಚಾರಿಸಲಿಲ್ಲ. ವಿಚಾರಿಸುವ ಮನಸ್ಸೂ ಇರಲಿಲ್ಲ.

ದೊಡ್ಡ ದೋಣಿಗೆ ಮರಳಿದಾಗ ಕ್ಯಾಪ್ಟನ್ ಕೈಗಡಿಯಾರವನ್ನು ತಟ್ಟಿ ತೋರಿಸಿದ: ಕಯಾಕ್ ಅಥವಾ ಟಿ ಟೊಪ್, ಎರಡರಲ್ಲಿ ಒಂದು. ಕಯಾಕಿನ ಟಿಕೆಟುಗಳು ಆಗಲೇ ಹರಿದಿದ್ದವು, ರಿಫಂಡ್ ಇರಲಿಲ್ಲ, ಕಚೇರಿಯ ಆಪ್ಸ್‌ಗೆ (ಪ್ರವಾಸಗಳನ್ನು ನಡೆಸುವ ವಿಭಾಗಕ್ಕೆ) ಫೋನ್ ಮಾಡಿದರೆ ‘ಪೇಯ್ಡ್ ಆಕ್ಟಿವಿಟಿ’ಗೇ ಆದ್ಯತೆ ಎಂದರು. ಹೀಗೆ ಒಂಬತ್ತು ಮಂದಿ ಲುವಾನ್ ಗುಹೆಯ ತಗ್ಗಾದ ಕಮಾನಿನ ಕೆಳಗೆ ಹುಟ್ಟು ಹಾಕಿ ಬಂದರು, ಉಳಿದವರು ಡೆಕ್ಕಿನಿಂದ ಅವರ ಫೋಟೋ ತೆಗೆದರು. ಮರಳುವಾಗ ದೋಣಿ ಟಿ ಟೊಪ್ ದ್ವೀಪದ ಪಕ್ಕದಲ್ಲಿಯೇ ಹಾದುಹೋಯಿತು. ಅರ್ಧಚಂದ್ರಾಕಾರದ ಮರಳದಂಡೆ, ತುದಿಯ ಮಂಟಪ, ಮೆಟ್ಟಿಲುಗಳ ಮೇಲಿನ ಜನ ಎಲ್ಲವೂ ಕಂಡವು. ದಂಡೆಯಲ್ಲಿರುವ ಟಿಟೊವ್‌ನ ಪ್ರತಿಮೆಯನ್ನು ಮಾತ್ರ ಮಂಜಿನಲ್ಲಿ ಗುರುತಿಸಲಾಗಲಿಲ್ಲ. “ಅವನನ್ನು ಹೋ ಚಿ ಮಿನ್ ಕರೆದುಕೊಂಡು ಬಂದರು. ನನ್ನನ್ನು ನೀವು ಕರೆದುಕೊಂಡು ಬಂದಿರಿ” ಎಂದರು ಮಾಷ್ಟ್ರು. ಆ ದಿನ ಅವರು ನನ್ನೊಂದಿಗೆ ಆಡಿದ ಕೊನೆಯ ಮಾತು ಅದು.

ಆ ಮೇಲೆ ನನ್ನ ಕ್ರಮದಲ್ಲಿ ಕೆಲವು ಬದಲಾವಣೆಗಳಾಗಿವೆ. ಹತ್ತಲಾರದವರನ್ನು ಜೆಟ್ಟಿಯಲ್ಲಿ ಇಳಿಸುವುದೇ ಇಲ್ಲ. ದೊಡ್ಡ ದೋಣಿಯಲ್ಲಿ ಕುರ್ಚಿ, ಶೌಚಾಲಯ, ಚಹಾ, ನೋಡಿಕೊಳ್ಳಲು ಸಿಬ್ಬಂದಿ ಎಲ್ಲವೂ ಇವೆ, ಬಂಡೆಗಳ ಬುಡದ ಆ ಗೆರೆಯೂ ಅಲ್ಲಿಂದಲೇ ಚೆನ್ನಾಗಿ ಕಾಣುತ್ತದೆ. ಗೆಸ್ಟುಗಳಿಗೆ ಕನ್ನಡದಲ್ಲಿ ಏನನ್ನು ಹೇಳಿದರೂ ಅದನ್ನು ಕೂಡಲೇ ಗೈಡಿಗೆ ಇಂಗ್ಲಿಷಿನಲ್ಲಿ ಹೇಳುತ್ತೇನೆ, ಅವನಿಗೆ ಬೇಸರವಾದರೂ ಸರಿ. ಫೋನುಗಳು ಅವರವರ ಕೊರಳಿನಲ್ಲಿರಬೇಕು, ಗಂಡಂದಿರ ಚೀಲದಲ್ಲಲ್ಲ. ಮುತ್ತಿನ ಅಂಗಡಿಯನ್ನು ಕೈಬಿಡಬೇಕೆಂಬ ನನ್ನ ಸೂಚನೆಗೆ ಆ ಅಂಗಡಿ ಪ್ಯಾಕೇಜಿನ ದರದಲ್ಲಿಯೇ ಸೇರಿದೆ ಎಂಬ ಒಂದು ಸಾಲಿನ ಉತ್ತರ ಬಂದಿದೆ. ಅಂದು ಅಲ್ಲಿ ಕಳೆದುಹೋದ ಇಪ್ಪತ್ತೈದು ನಿಮಿಷ ಉಳಿದಿದ್ದರೆ ಟೀಚರ ಪ್ರಸಂಗದ ನಂತರವೂ ಟಿ ಟೊಪ್ ದಂಡೆಗೆ ಕಾಲಿಡಲು ಸಮಯವಿರುತ್ತಿತ್ತೆಂದು ಲೆಕ್ಕ ಬರೆದು ಕಳುಹಿಸಿದ್ದಕ್ಕೆ ಉತ್ತರವೇ ಬರಲಿಲ್ಲ. ಟ್ರಿಪ್ ರಿಪೋರ್ಟಿನಲ್ಲಿ ಇಡೀ ಘಟನೆಯನ್ನು ‘ಟಿಎಂ ಲ್ಯಾಪ್ಸ್’ (ಟೂರ್ ಮ್ಯಾನೇಜರನ ಲೋಪ) ಎಂಬ ಎರಡು ಪದಗಳಲ್ಲಿ ಮುಚ್ಚಲಾಗಿದೆ.

ಮಾಷ್ಟ್ರು ಊರಿಗೆ ಬಂದ ವಾರದಲ್ಲಿ ನಾಲ್ಕು ಪುಟಗಳ ದೂರನ್ನು ಒಳ್ಳೆಯ ಕನ್ನಡದಲ್ಲಿ, ಪುಟಸಂಖ್ಯೆ ಹಾಕಿ, ಕಚೇರಿಗೆ ತಲುಪಿಸಿದರು. ಅದನ್ನು ಇಂಗ್ಲಿಷಿಗೆ ತಂದು ಹೆಡ್ ಆಫೀಸಿಗೆ ಕಳುಹಿಸುವ ಕೆಲಸ ನನ್ನ ಪಾಲಿಗೇ ಬಂತು. ನನ್ನ ಬಗ್ಗೆ ಇದ್ದ ಎರಡನೆಯ ಪುಟವನ್ನೂ ಏನೂ ಬಿಡದೆ ಟೈಪ್ ಮಾಡಿದೆ. ಹೆಡ್ ಆಫೀಸಿನವರು ಥಾಯ್ಲೆಂಡ್ ಪ್ಯಾಕೇಜಿನ ಮೇಲೆ ಹತ್ತು ಶೇಕಡಾ ರಿಯಾಯಿತಿಯ ಕೂಪನ್ ಕೊಡಲು ಒಪ್ಪಿದರು. ತಿಳಿಸಲು ಫೋನ್ ಮಾಡಿದಾಗ ಮಾಷ್ಟ್ರು ಎಲ್ಲವನ್ನೂ ಸಮಾಧಾನದಿಂದ ಕೇಳಿ, ಟಿಟೊವ್ ಥಾಯ್ಲೆಂಡಿಗೂ ಹೋಗಿದ್ದನೇ ಎಂದು ಹೆಡ್ ಆಫೀಸಿನವರನ್ನು ವಿಚಾರಿಸಿ ತಿಳಿಸಬೇಕೆಂದರು. ನಾನು ಆ ಪ್ರಶ್ನೆಯನ್ನು ಇದ್ದ ಹಾಗೆಯೇ ಮೇಲಿಗೆ ಕಳುಹಿಸಿದ್ದೇನೆ. ಆ ಪ್ರಶ್ನೆಗೊಂದು ಟಿಕೆಟ್ ಸಂಖ್ಯೆ ಬಂದಿದೆ, ಸ್ಥಿತಿ ‘ಪರಿಶೀಲನೆಯಲ್ಲಿದೆ’.