ಅಖೈರು ಶಿಲ್ಕು

ಖಜಾನೆಯಲ್ಲಿ 33 ವರ್ಷ ದುಡಿದ ನನ್ನಂಥವನಿಗೆ ಮನಶ್ಶಾಂತಿ ಅಂದರೆ ಸಂಜೆ ಐದೂವರೆಗೆ ಕ್ಯಾಶ್ ಬುಕ್ ತಾಳೆ ಆಗುವುದು, ಅಷ್ಟೇ. ಎಂಟಾಣೆ ವ್ಯತ್ಯಾಸ ಬಂದರೂ ವೋಚರ್ ಕಟ್ಟು ಬಿಚ್ಚಿಕೊಂಡು ರಾತ್ರಿ ಒಂಬತ್ತರವರೆಗೆ ಕೂತಿದ್ದಿದೆ. "ಜೇಬಿಂದ ಎಂಟಾಣೆ ಹಾಕಿ ಎದ್ದು ಬರಬಾರದೇನ್ರೀ?" ಅಂತ ಮನೆಯವಳು ಕೇಳುತ್ತಿದ್ದಳು. ಹಾಕಬಹುದು. ಆದರೆ ಹಾಗೆ ಹಾಕಿದ ದಿನ ನಿದ್ದೆ ಬರುವುದಿಲ್ಲ.

ನಿವೃತ್ತಿಯಾದ ಮೇಲೆ ತಾಳೆ ನೋಡಲು ಏನೂ ಉಳಿಯಲಿಲ್ಲ. ಆಗ ತಲೆ ತಾನೇ ಹಳೇ ಕಡತ ತೆಗೆಯತೊಡಗಿತು. ಬೆಳಗಿನ ಜಾವ ಮೂರಕ್ಕೆ ಎಚ್ಚರವಾದರೆ 2,340 ರೂಪಾಯಿ ನೆನಪಾಗುತ್ತಿತ್ತು. 1998ರ ಆಡಿಟ್‌ನಲ್ಲಿ ನನ್ನ ಹೆಸರಿಗೆ ಬಿದ್ದ ವಸೂಲಾತಿ ಅದು. ಕಾಗದ ಕಳೆದದ್ದು ಬೇರೆ ಮೇಜಿನಲ್ಲಿ, ಸಂಬಳದಲ್ಲಿ ಕಂತು ಹಿಡಿದದ್ದು ನನಗೆ. ಆ ಮೇಜಿನವರು ಯಾರು ಅಂತ ಇಲ್ಲಿ ಬರೆಯುವುದಿಲ್ಲ. ಅವರೂ ಈಗ ನನ್ನ ಹಾಗೇ ಪಿಂಚಣಿದಾರರು.

ಮಗ ವಿಪಶ್ಯನ ಧ್ಯಾನ ಶಿಬಿರದ ಅರ್ಜಿ ತುಂಬಿ ಕೊಟ್ಟ. "ಅಪ್ಪ, ಹತ್ತು ದಿನ ಮಾತಿಲ್ಲ, ಫೋನಿಲ್ಲ, ಪೇಪರೂ ಇಲ್ಲ. ಇರ್ತೀರಾ?" ನಾನು ಒಪ್ಪಿದ್ದಕ್ಕೆ ಕಾರಣ ಬುದ್ಧನಲ್ಲ. ಈ ಪದ್ಧತಿಯನ್ನು ಭಾರತಕ್ಕೆ ತಂದ ಎಸ್.ಎನ್. ಗೋಯೆಂಕಾ ಅವರ ಗುರು ಸಯಾಜಿ ಊ ಬಾ ಖಿನ್ ಒಬ್ಬ ಲೆಕ್ಕದ ಮನುಷ್ಯ! ಗುಮಾಸ್ತೆಯಾಗಿ ಶುರುಮಾಡಿ, 1948ರಲ್ಲಿ ಬರ್ಮಾ ಸ್ವತಂತ್ರವಾದಾಗ ಆ ದೇಶದ ಮೊದಲ ಅಕೌಂಟೆಂಟ್ ಜನರಲ್ ಆದವರು. ಧ್ಯಾನ ಕಲಿತದ್ದು ಒಬ್ಬ ರೈತನ ಹತ್ತಿರ. ಆಮೇಲೆ ತಮ್ಮ ಕಚೇರಿಯ ಸಿಬ್ಬಂದಿಗೂ ಕಲಿಸಿದರು. ಮಾಂಡಲೆಯಲ್ಲಿ ಹುಟ್ಟಿದ ಮಾರವಾಡಿ ವ್ಯಾಪಾರಿ ಗೋಯೆಂಕಾ 1955ರಲ್ಲಿ ಅರೆತಲೆನೋವಿಗೆ ಮದ್ದು ಹುಡುಕುತ್ತ ಇವರ ಬಳಿ ಹೋದಾಗ, ತಲೆನೋವಿಗಾಗಿ ಬಂದಿದ್ದರೆ ಬೇಡ ಅಂದರಂತೆ. ಅರ್ಜಿಯಲ್ಲಿ ಉದ್ದೇಶ ಸರಿಯಿಲ್ಲ ಅಂತ ಬಿಲ್ ವಾಪಸ್ ಮಾಡಿದ ಹಾಗೆ. ನನಗೆ ಈ ಮನುಷ್ಯ ತುಂಬ ಹಿಡಿಸಿದರು.

ಕೇಂದ್ರದಲ್ಲಿ ಬೆಳಗ್ಗೆ ನಾಲ್ಕಕ್ಕೆ ಗಂಟೆ. ಆರೂವರೆಗೆ ತಿಂಡಿ, ಹನ್ನೊಂದಕ್ಕೆ ಊಟ, ಸಂಜೆ ಐದಕ್ಕೆ ಚಹಾ, ಹಣ್ಣು, ಒಂದಿಷ್ಟು ಮಂಡಕ್ಕಿ. ಮೊದಲ ಮೂರು ದಿನ ಮೂಗಿನ ಹೊಳ್ಳೆಯ ಹತ್ತಿರ ಉಸಿರು ಬಂದುಹೋಗುವುದನ್ನು ಗಮನಿಸುವ ಆನಾಪಾನ. ಎಣಿಸಬಾರದು. ಎಣಿಸಬಾರದು ಅಂದರೆ ನನಗೆ ಉಸಿರೇ ಕಟ್ಟಿದಂತಾಯಿತು. ಕದ್ದು ಎಣಿಸಿದೆ. ಎರಡನೇ ದಿನ ಮಧ್ಯಾಹ್ನ 412ರವರೆಗೆ ಹೋಗಿ ತಪ್ಪಿತು, ಮತ್ತೆ ಒಂದರಿಂದ ಶುರು.

ನಾಲ್ಕನೇ ದಿನ ಅಸಲು ವಿಪಶ್ಯನ. ನೆತ್ತಿಯಿಂದ ಕಾಲಿನ ಹೆಬ್ಬೆರಳಿನವರೆಗೆ ಮೈಯ ಒಂದೊಂದೇ ಭಾಗದ ಮೇಲೆ ಗಮನ ಸರಿಸುತ್ತ ಹೋಗುವುದು, ಏನು ಅನ್ನಿಸುತ್ತದೋ ಅದನ್ನು ಸುಮ್ಮನೆ ನೋಡುವುದು. ಅದರ ಜೊತೆಗೇ ಅಧಿಷ್ಠಾನ, ಅಂದರೆ ದಿನಕ್ಕೆ ಮೂರು ಸಲ ಒಂದೊಂದು ತಾಸು ಕೈಕಾಲು ಅಲ್ಲಾಡಿಸದೆ ಕೂರುವ ಸಂಕಲ್ಪ. ನನ್ನ ಎಡಮಂಡಿ ಇಪ್ಪತ್ತನೇ ನಿಮಿಷಕ್ಕೆ ಉರಿಯತೊಡಗುತ್ತಿತ್ತು. ಮಂಡಿಚಿಪ್ಪಿನ ಒಳಗೆ ಯಾರೋ ಕಾದ ಸೂಜಿ ಇಟ್ಟು ತಿರುವಿದ ಹಾಗೆ. ಐದನೇ ದಿನ ಆ ನೋವಿನ ಮಧ್ಯೆಯೇ 2,340 ಬಂತು. ಸುಮ್ಮನೆ ಬರಲಿಲ್ಲ, ಆ ಮೇಜಿನವರ ಮುಖ, ಕನ್ನಡಕ, ಆಕ್ಷೇಪಣೆ ಓದಿ ಹೇಳಿದ ದಿನ ಅವರು ಕಿಟಕಿಯ ಕಡೆ ತಿರುಗಿಕೊಂಡದ್ದು, ಎಲ್ಲ ಕರೆತಂದಿತು. ಮೈ ಬಿಸಿಯಾಯಿತು. ಮಂಡಿ ಮರೆತೇಹೋಯಿತು. ಹತ್ತು ನಿಮಿಷ ಒಳಗೊಳಗೇ ಜಗಳವಾಡಿ ವಾಪಸ್ ಬಂದು ನೋಡಿದರೆ ಮಂಡಿನೋವು ಎಷ್ಟಿತ್ತೋ ಅಷ್ಟೇ ಇದೆ.

ಬುದ್ಧ ಹೇಳಿದ ಒಂದು ಉಪಮೆ ನನಗೆ ಅಲ್ಲಿಯೇ ಅರ್ಥವಾದದ್ದು. ಮನುಷ್ಯನಿಗೆ ಒಂದು ಬಾಣ ತಾಗುತ್ತದೆ, ಅದು ದೇಹದ ನೋವು. ಅಯ್ಯೋ ಎಂದು ಗೋಳಾಡಿ ಅವನು ಅದರ ಬೆನ್ನಿಗೇ ಎರಡನೇ ಬಾಣವನ್ನೂ ತಾಗಿಸಿಕೊಳ್ಳುತ್ತಾನೆ, ಅದು ಮನಸ್ಸಿನದು. ಮೊದಲ ಬಾಣ ಅರಿತವನಿಗೂ ತಪ್ಪಿದ್ದಲ್ಲ. ಸಂಬಳದಲ್ಲಿ ಹಿಡಿದ 2,340 ಮೊದಲ ಬಾಣ, ಅದರ ಕಂತು ಎಂದೋ ಮುಗಿದಿತ್ತು. ಎರಡನೆಯದಕ್ಕೆ ಮಾತ್ರ ನಾನು ಇಷ್ಟು ವರ್ಷ ಬಡ್ಡಿ ಕಟ್ಟುತ್ತಿದ್ದೆ.

ಮೌನದಲ್ಲಿ ತಲೆಗೆ ಬಿಡುವು ಸಿಕ್ಕರೆ ಅದು ತನಗೆ ಗೊತ್ತಿರುವ ಕೆಲಸವನ್ನೇ ಮಾಡುತ್ತದೆ. ನಾನು ಧರ್ಮಗಳನ್ನೆಲ್ಲ ಜಮಾ-ಖರ್ಚಿಗೆ ಹಾಕತೊಡಗಿದೆ. (ಇದು ನಿಯಮಕ್ಕೆ ವಿರುದ್ಧ, ಗೊತ್ತು.) ಎಲ್ಲ ಧರ್ಮಗಳೂ ಹೇಳುವುದು ಒಂದೇ ಅಂತ ಬೀಳ್ಕೊಡುಗೆ ಸಮಾರಂಭಗಳಲ್ಲಿ ಭಾಷಣ ಮಾಡುತ್ತಾರೆ. ಲೆಕ್ಕ ಬರೆದು ನೋಡಿದರೆ ಒಂದೇ ಅಲ್ಲ.

ನಮ್ಮ ಕಚೇರಿಯಲ್ಲಿ ಜೈನ ಗೆಳೆಯರೊಬ್ಬರಿದ್ದರು. ಸಂಜೆ ಕೆಲಸ ತಡವಾದರೂ ಹೊತ್ತು ಮುಳುಗುವ ಮೊದಲೇ ಡಬ್ಬಿ ಬಿಚ್ಚಿ ಊಟ ಮುಗಿಸುತ್ತಿದ್ದರು. ಅವರಲ್ಲಿ ಕರ್ಮ ಬರೀ ಪುಣ್ಯ-ಪಾಪದ ಮಾತಲ್ಲ, ಜೀವಕ್ಕೆ ಬಂದು ಅಂಟುವ ಸೂಕ್ಷ್ಮ ದ್ರವ್ಯ. ಒಳಗೆ ಹರಿದು ಬರುವುದು ಆಸ್ರವ, ಅದನ್ನು ತಡೆಯುವುದು ಸಂವರ, ಅಂಟಿದ್ದನ್ನು ತಪಸ್ಸಿನಿಂದ ಉದುರಿಸುವುದು ನಿರ್ಜರೆ. ಹೊಸ ಸಾಲ ನಿಲ್ಲಿಸು, ಹಳೇ ಬಾಕಿ ತೀರಿಸು, ಖಾತೆ ಮುಚ್ಚು. ಇಷ್ಟು ಕಟ್ಟುನಿಟ್ಟಾದ ಲೆಕ್ಕ ಬೇರೆಲ್ಲೂ ನೋಡಿಲ್ಲ. ಅವರೊಂದಿಗೆ ಒಮ್ಮೆ ಶ್ರವಣಬೆಳಗೊಳಕ್ಕೆ ಹೋದಾಗ ಎಲ್ಲರೂ ದೊಡ್ಡಬೆಟ್ಟ ಹತ್ತಿದರೆ ಅವರು ನನ್ನನ್ನು ಚಿಕ್ಕಬೆಟ್ಟಕ್ಕೆ ಕರೆದೊಯ್ದು ಬಂಡೆಯ ಮೇಲಿನ ಶಾಸನಗಳನ್ನು ತೋರಿಸಿದರು. ಸುಮಾರು 1,300 ವರ್ಷ ಹಿಂದೆ ಅಲ್ಲಿ ಸನ್ಯಸನ, ಅಂದರೆ ಸಾಯುವವರೆಗೆ ಉಪವಾಸದ ವ್ರತ, ಮಾಡಿ ದೇಹ ಬಿಟ್ಟ ನಂದಿಸೇನ ಮುನಿಯದೊಂದು. 'ಸುರಚಾಪಂಬೋಲೆ' ಎಂದು ಶುರುವಾಗುತ್ತದೆ. ಸಿರಿ, ರೂಪ, ಧನ, ವೈಭವ ಎಲ್ಲವೂ ಕಾಮನಬಿಲ್ಲಿನ ಹಾಗೆ, ಮಿಂಚಿನ ಹಾಗೆ, ಮಂಜಿನ ಹಾಗೆ ತೋರಿ ಕರಗುತ್ತವೆ, ಯಾರಿಗೂ ನಿಲ್ಲುವುದಿಲ್ಲ ಅನ್ನುವ ಕನ್ನಡ ಅದು. ಧ್ಯಾನದ ಹಾಲಿನಲ್ಲಿ ಧ್ವನಿಮುದ್ರಣದ ಗೋಯೆಂಕಾ ದನಿ "ಅನಿತ್ಯ, ಅನಿತ್ಯ" ಅಂದಾಗಲೆಲ್ಲ ನನಗೆ ಆ ಬಂಡೆಯ ಬಿಸಿಲೇ ನೆನಪಾಗುತ್ತಿತ್ತು.

ಗೀತೆಯ ಮಾತು ಗೊತ್ತೇ ಇದೆ. ನಮೂದು ನಿನ್ನದು, ಖಾತೆ ನಿನ್ನ ಹೆಸರಿನಲ್ಲಿಲ್ಲ. ಆ ಶ್ಲೋಕದ ಪಟವನ್ನು ಕುರ್ಚಿಯ ಹಿಂದೆ ತೂಗುಹಾಕಿ ಬಡ್ತಿಗಾಗಿ ಬೆಂಗಳೂರಿಗೆ ಓಡಾಡುತ್ತಿದ್ದವರನ್ನು ಬಹಳ ನೋಡಿದ್ದೇನೆ, ಮುಂದೆ ಹೋಗೋಣ. ಬುದ್ಧನದಂತೂ ಇನ್ನೂ ವಿಚಿತ್ರ. ಜಮಾ ಇದೆ, ಖರ್ಚಿದೆ, ಖಾತೆದಾರನನ್ನು ಹುಡುಕಿದರೆ ಸಿಗುವುದಿಲ್ಲ ಅನ್ನುತ್ತಾನೆ. ಏಳನೇ ದಿನ ಅದು ಒಂದೆರಡು ನಿಮಿಷ ನಿಜ ಅನ್ನಿಸಿತು. ಮಂಡಿಯಲ್ಲಿ ನೋವು ಇತ್ತು, 'ನನ್ನ' ಎಂಬುದು ಅದರ ಪಕ್ಕದಲ್ಲಿ ಕಾಣಲಿಲ್ಲ. ಆಮೇಲೆ ಊಟದ ಗಂಟೆ ಹೊಡೆಯಿತು, ಖಾತೆದಾರ ತಟ್ಟೆ ಹಿಡಿದು ಎಲ್ಲರಿಗಿಂತ ಮುಂದೆ ನಿಂತಿದ್ದ.

ಆದರೆ ನನ್ನಂಥ ಸಂಸಾರಸ್ಥನಿಗೆ ಒಗ್ಗುವ ಲೆಕ್ಕ ಆಯ್ದಕ್ಕಿ ಲಕ್ಕಮ್ಮನದು. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಇವಳ ಗಂಡ ಮಾರಯ್ಯ, ಬಸವಣ್ಣನವರ ಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವ ಕಾಯಕದವನು. 'ಕಾಯಕವೇ ಕೈಲಾಸ' ಅನ್ನುವುದನ್ನು ನಾವೆಲ್ಲ ಬಸವಣ್ಣನವರ ಹೆಸರಿಗೆ ಬರೆದುಬಿಟ್ಟಿದ್ದೇವೆ, ಅದು ಸಿಗುವುದು ಈ ಮಾರಯ್ಯನ ವಚನದಲ್ಲಿ. ನಮೂದು ತಪ್ಪು ಖಾತೆಗೆ ಹೋಗುವುದು ಹೀಗೇ. ಒಂದು ದಿನ ಅವನು ದಿನದ ಅಕ್ಕಿಗಿಂತ ಹೆಚ್ಚು ತಂದ. ಲಕ್ಕಮ್ಮ ಹಿಗ್ಗಲಿಲ್ಲ. "ಈಸಕ್ಕಿಯಾಸೆ ನಿಮಗೇಕೆ?" ಅಂದು ಹೆಚ್ಚಿನ ಅಕ್ಕಿಯನ್ನು ವಾಪಸ್ ಸುರಿದು ಬರಲು ಕಳಿಸಿದಳು. ಅವತ್ತಿನದು ಅವತ್ತೇ ಚುಕ್ತಾ. ಅಖೈರು ಶಿಲ್ಕು, ಅಂದರೆ ದಿನದ ಕೊನೆಗೆ ಕೈಯಲ್ಲಿ ಉಳಿಯುವ ಮೊತ್ತ, ಸೊನ್ನೆ. ನಾಳೆಯ ಪುಟಕ್ಕೆ ಏನನ್ನೂ ಒಯ್ಯುವ ಹಾಗಿಲ್ಲ. ನಾನೋ 1998ರ ಬಾಕಿಯನ್ನು ಪುಟದಿಂದ ಪುಟಕ್ಕೆ ಹೊತ್ತುಕೊಂಡು ಬಂದವನು.

ಹತ್ತನೇ ದಿನ ಮೌನ ಬಿಟ್ಟಿತು. ಇಲ್ಲಿ ಶುಲ್ಕವಿಲ್ಲ. ಊಟ, ಹಾಸಿಗೆ, ಪಾಠ ಯಾವುದಕ್ಕೂ ಬಿಲ್ಲಿಲ್ಲ. ನನ್ನ ಖರ್ಚನ್ನು ಹಿಂದೆ ಯಾರೋ ಕೊಟ್ಟು ಹೋಗಿದ್ದಾರೆ, ನಾನು ಕೊಡುವುದು ಮುಂದೆ ಬರುವವನಿಗೆ. ಎಷ್ಟು ಕೊಡಬೇಕೆಂದು ಯಾರೂ ಹೇಳುವುದಿಲ್ಲ, ಇದೇ ನನಗೆ ದೊಡ್ಡ ಸಂಕಟವಾಯಿತು. ತಲೆಗೆ ದಿನಕ್ಕೆ ಎಷ್ಟು ಬೀಳಬಹುದು ಅಂತ ಲೆಕ್ಕ ಹಾಕುತ್ತ ಸಾಲಿನಲ್ಲಿ ನಿಂತೆ. 2,340 ಕೊಟ್ಟುಬಿಡಲೇ ಅಂತಲೂ ಬಂತು. ಅದರಲ್ಲಿ ನಾಟಕ ಜಾಸ್ತಿ ಅನ್ನಿಸಿ ಮೂರು ಸಾವಿರ ಕೊಟ್ಟೆ.

ಮೇಜಿನ ಮೇಲೆ ಸೇವೆಗೆ ಬಂದಿದ್ದ ಹುಡುಗನೊಬ್ಬ ರಸೀದಿ ಬರೆಯುತ್ತಿದ್ದ. ಅವನ ಮುಂದೆ ಕೈಬರಹದ ಒಂದು ಪಟ್ಟಿ, ಕೆಳಗೆ ಪೆನ್ಸಿಲಿನಲ್ಲಿ ಮೊತ್ತ. ನನ್ನ ಕಡೆಯಿಂದ ಎಲ್ಲ ತಲೆಕೆಳಗಾಗಿ ಕಾಣುತ್ತಿತ್ತು. ರಸೀದಿ ತೆಗೆದುಕೊಂಡು ಎರಡು ಹೆಜ್ಜೆ ಹೋದೆ. ಉಸಿರು ನೋಡಿಕೊಂಡೆ. ವಾಪಸ್ ಬಂದೆ.

"ಮಗಾ, ಮೂರನೇ ಸಾಲು ಇನ್ನೊಂದು ಸಲ ಕೂಡು. ನೂರು ರೂಪಾಯಿ ಹೆಚ್ಚಾಗಿದೆ."